ಚಾದರದ ನಾಲ್ಕು ಮೂಲೆ

ಹಾಸಿಗೆ ಹಿಡಿದವರನ್ನು ಒಬ್ಬರೇ ಎತ್ತಲು ಹೋಗಬಾರದು. ಎತ್ತುವವರ ಸೊಂಟ ಹಿಡಿಯುತ್ತದೆ, ಮಲಗಿದವರ ಚರ್ಮ ಉಜ್ಜಿ ಕಿತ್ತು ಬರುತ್ತದೆ. ಅವರ ಅಡಿಗೆ ಒಂದು ಗಟ್ಟಿ ಚಾದರ ಮಡಚಿ ಹಾಸಿಡಬೇಕು. ಸರಿಸುವಾಗ ಕೈಕಾಲು ಹಿಡಿದು ಎಳೆಯದೆ, ಚಾದರದ ಅಂಚನ್ನೇ ಸುತ್ತಿ ಹಿಡಿದು ಎತ್ತಬೇಕು, ಆಚೆ ಒಬ್ಬರು, ಈಚೆ ಒಬ್ಬರು. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಒಬ್ಬ ನರ್ಸ್ ಇದನ್ನು ನನಗೆ ಎರಡು ಸಲ ಮಾಡಿ ತೋರಿಸಿದರು. "ಮನೆಯಲ್ಲಿ ಇನ್ನೊಂದು ಕಡೆ ಹಿಡಿಯಲು ಯಾರಿದ್ದಾರೆ?" ಅಂತ ಕೇಳಿದರು. "ಇದ್ದಾರೆ ಸಿಸ್ಟರ್" ಅಂದೆ. ಯಾರೂ ಇರಲಿಲ್ಲ.

ಮಾಂಯ್‌ಗೆ, ಅಂದ್ರೆ ನನ್ನ ಅತ್ತೆಗೆ, 2023ರ ಫೆಬ್ರವರಿಯಲ್ಲಿ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತು ನಾಲ್ಕೈದು ಶಬ್ದಕ್ಕೆ ಬಂದು ನಿಂತಿತು. ನನ್ನ ಗಂಡ ಕುವೈತಿನಲ್ಲಿ, ಎರಡು ವರ್ಷಕ್ಕೊಮ್ಮೆ ರಜೆ. ಮಗ ಆಗ ಒಂಬತ್ತನೇ ಕ್ಲಾಸು. ಕಾರವಾರದ ಕೋಡಿಬಾಗದಲ್ಲಿ ಓಣಿಯ ಕೊನೆಗೆ ನಮ್ಮ ಹಂಚಿನ ಮನೆ. ಹಾಸಿಗೆ ಹುಣ್ಣು ಆಗಬಾರದು ಅಂದ್ರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಡಾಕ್ಟರು ಹೇಳಿದ್ದರು. ದಿನಕ್ಕೆ 12 ಸಲ. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡು ಎಂಟು ತಿಂಗಳು ಇದನ್ನು ನಾನೊಬ್ಬಳೇ ಮಾಡಿದೆ. ಯಾಕೆ ಹಾಗೆ ಮಾಡಿದೆ ಅನ್ನುವುದು ನನ್ನನ್ನು ಇನ್ನೂ ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೇಳಲು ಜನ ಇರಲಿಲ್ಲ ಅಂತಲ್ಲ. ಮಗನನ್ನು ಮಾಂಯ್ ಹತ್ತಿರ ಕೂರಿಸಿ ಭಾನುವಾರ ಬೆಳಗಿನ ಪೂಜೆಗೆ ಮಾತ್ರ ಓಡುತ್ತಿದ್ದೆ. ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ನಾಲ್ಕು ಜನ ನಿಲ್ಲಿಸಿ ಕೇಳುತ್ತಿದ್ದರು, "ಮಾಂಯ್ ಹೇಗಿದ್ದಾರೆ?" ಸ್ಕೂಟಿ ತಿರುಗಿಸುತ್ತಲೇ ಹೇಳುತ್ತಿದ್ದೆ, "ಪರವಾಗಿಲ್ಲ, ದೇವರ ದಯೆ." ಅಷ್ಟು ಹೇಳಿದರೆ ಮುಂದೆ ಯಾರೂ ಕೇಳುವುದಿಲ್ಲ. ದೇವರ ಹೆಸರು ಹೇಳಿ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಮನೆಯ ಮಾತು ಹೊಸ್ತಿಲು ದಾಟಬಾರದು ಅಂತ ಹೇಳಿಸಿಕೊಂಡು ಬೆಳೆದವಳು ನಾನು. ನನ್ನ ತವರು ಹೊನ್ನಾವರದ ಕಡೆ. ಅಲ್ಲಿ ಅಮ್ಮ ಅಕ್ಕಿ ಮುಗಿದರೂ ಪಕ್ಕದ ಮನೆಗೆ ಹೋಗಿ ಕೇಳಿದ್ದು ನಾನು ನೋಡಿಲ್ಲ. ಯಾರಿಗೂ ತೊಂದರೆ ಕೊಡಬಾರದು ಅನ್ನುವುದು ನಮ್ಮ ಮನೆಯಲ್ಲಿ ದೊಡ್ಡ ಗುಣ. ಅದಕ್ಕೆ ನಾನು ನಂಬಿಕೆಯನ್ನೂ ಸೇರಿಸಿಕೊಂಡೆ. ನಿಮ್ಮ ಚಿಂತೆಯನ್ನೆಲ್ಲ ದೇವರ ಮೇಲೆ ಹಾಕಿ ಅಂತ ಬೈಬಲ್‌ನಲ್ಲಿ ಸಂತ ಪೇತ್ರನ ಮೊದಲನೇ ಪತ್ರದಲ್ಲಿ, 5ನೇ ಅಧ್ಯಾಯದಲ್ಲಿ ಬರುತ್ತದೆ. ಎರಡು ಗಂಟೆಯ ಅಲಾರಂಗೂ ನಾಲ್ಕು ಗಂಟೆಯ ಅಲಾರಂಗೂ ನಡುವೆ ಅದೇ ಮಾತನ್ನು ಹೇಳಿಕೊಂಡು ಕಣ್ಣು ಮುಚ್ಚುತ್ತಿದ್ದೆ. ನನಗೆ ಅದರ ಅರ್ಥ ಇಷ್ಟೇ ಆಗಿತ್ತು: ಚಿಂತೆಯನ್ನು ದೇವರಿಗೆ ಹೇಳು, ಮನುಷ್ಯರಿಗೆ ಹೇಳಬೇಡ.

ಆಮೇಲೆ ನಿಧಾನವಾಗಿ ಓದಿದಾಗ ಒಂದು ವಿಷಯ ಕಂಡಿತು. ಅಲ್ಲಿ "ನಿಮ್ಮ" ಅಂತಿದೆ. ಕನ್ನಡದಲ್ಲಿ ನಾವು ಒಬ್ಬರಿಗೇ ಮರ್ಯಾದೆಗೆ "ನೀವು" ಅನ್ನುತ್ತೇವಲ್ಲ, ಹಾಗಾಗಿ ಅದು ನನ್ನೊಬ್ಬಳಿಗೆ ಮರ್ಯಾದೆ ಕೊಟ್ಟು ಹೇಳಿದ ಮಾತು ಅಂತ ಓದಿಕೊಂಡುಬಿಟ್ಟಿದ್ದೆ. ಅದು ಮರ್ಯಾದೆಯ ನೀವು ಅಲ್ಲ, ಹಲವರ ನೀವು. ಬೇರೆ ಬೇರೆ ಊರುಗಳಲ್ಲಿ ಚದುರಿದ್ದ ವಿಶ್ವಾಸಿಗಳಿಗೆ, ಒಟ್ಟಿಗೆ ಕೂತು ಓದಿಸಿಕೊಳ್ಳಲಿ ಅಂತ ಬರೆದ ಪತ್ರ ಅದು. ಎರಡು ವಾಕ್ಯ ಮುಂದೆ ಹೋದರೆ, ಲೋಕದಲ್ಲಿರುವ ನಿಮ್ಮ ಸಹೋದರರೂ ಇಂಥದೇ ಕಷ್ಟ ಪಡುತ್ತಿದ್ದಾರೆ ಅಂತ ನೆನಪು ಮಾಡುತ್ತದೆ. ಚಿಂತೆಯನ್ನು ದೇವರ ಮೇಲೆ ಹಾಕುವವರು ಒಂದು ಗುಂಪು. ನಾನು ಒಬ್ಬಳೇ ಕೋಣೆಯಲ್ಲಿ ಕೂತು ಹಾಕುತ್ತಿದ್ದೆ.

ಅಕ್ಟೋಬರ್ ಬಂತು. ಜಪಸರದ ತಿಂಗಳು. ನಮ್ಮ ವಾಡೊದಲ್ಲಿ, ಅಂದ್ರೆ ಕೇರಿಯಲ್ಲಿ, ಸಂಜೆಗೆ ಒಂದೊಂದು ಮನೆಯಲ್ಲಿ ತೇರ್ಸ್, ಅಂದ್ರೆ ಜಪಸರದ ಪ್ರಾರ್ಥನೆ, ಹೇಳುತ್ತಾರೆ, ಮಾತೆಯ ಪ್ರತಿಮೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ನಮ್ಮ ಮನೆಯ ಸರದಿ ಬಂದಾಗ "ಈ ವರ್ಷ ಬೇಡ" ಅಂತ ಹೇಳಿ ಕಳಿಸಿದೆ. ಮಾರನೇ ದಿನ ಮಧ್ಯಾಹ್ನ ಟೀಚರ್ ಬಾಯಿ ಬಂದರು. ಅವರು ಅಂಗನವಾಡಿ ಟೀಚರಾಗಿ ನಿವೃತ್ತರಾದವರು, ವಾಡೊದ ಅರ್ಧ ಮಕ್ಕಳಿಗೆ ಮೂಗು ಒರೆಸಿದವರು.

"ಯಾಕೆ ಬೇಡ ಅಂದೆ?"

"ಮಾಂಯ್‌ಗೆ ಗದ್ದಲ ಆಗ್ತದೆ ಅಂತ."

ಅವರು ನನ್ನ ಕೈ ನೋಡಿದರು. ದಿನಾ ಬಟ್ಟೆ ತೊಳೆದು ತೊಳೆದು ಬೆರಳ ಸಂದಿ ಒಡೆದಿತ್ತು. "ಮನೆಯಲ್ಲಿ ವಾಸನೆ ಬರ್ತದೆ ಅಂತ ಅಲ್ವಾ?" ಅಂದರು. ಮೆತ್ತಗೆ ಕೇಳಿದರು, ಆದರೆ ನೇರವಾಗಿ ಕೇಳಿದರು. ಎಂಟು ತಿಂಗಳಲ್ಲಿ ಯಾರೂ ಆಡದ ಮಾತು ಅದು. ನಾನೂ ನನ್ನ ಗಂಡನಿಗೆ ಫೋನಿನಲ್ಲಿ ಹೇಳಿರಲಿಲ್ಲ. ಅಲ್ಲೇ ಬಾಗಿಲಲ್ಲಿ ಕುಸಿದು ಕೂತು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ, "ಬಾ, ಆ ಕಡೆ ನೀನು ಹಿಡಿ" ಅಂದರು. ಮಂಚದಲ್ಲಿ ಕೆಳಗೆ ಜಾರಿದ್ದ ಮಾಂಯ್‌ಯನ್ನು ಇಬ್ಬರೂ ಚಾದರ ಹಿಡಿದು ದಿಂಬಿಗೆ ತಂದೆವು. ಅರ್ಧ ನಿಮಿಷ ಆಗಿರಬಹುದು. ನಾನೊಬ್ಬಳೇ ಮಾಡಿದರೆ ಅದು ಕಾಲು ಗಂಟೆಯ ಕೆಲಸ, ಮಾಂಯ್ ನರಳುತ್ತಿದ್ದರು, ನಾನು ಅವರ ಮೇಲೆ ರೇಗುತ್ತಿದ್ದೆ. ಆವತ್ತು ಮಾಂಯ್ ಕಣ್ಣು ಬಿಟ್ಟು ತಮಗೆ ಉಳಿದಿದ್ದ ನಾಲ್ಕೈದು ಶಬ್ದದಲ್ಲಿ ಒಂದನ್ನು ಹೇಳಿದರು. "ಬರೆಂ." ಚೆನ್ನಾಯ್ತು ಅಂತ.

ನಾನು ಒಬ್ಬಳೇ ಹೊರುತ್ತಿದ್ದ ಭಾರ ನನಗೆ ಮಾತ್ರ ಭಾರ ಅಂದುಕೊಂಡಿದ್ದೆ. ಮಾಂಯ್‌ಗೂ ಅದು ನೋವಾಗಿತ್ತು ಅಂತ ಆ ಕ್ಷಣಕ್ಕೆ ಗೊತ್ತಾಯಿತು. ಇದನ್ನು ಬರೆಯುವಾಗಲೂ ಎದೆ ಹಿಂಡುತ್ತದೆ.

ಆ ವಾರವೇ ಟೀಚರ್ ಬಾಯಿ ಒಂದು ಲೆಕ್ಕ ಹಾಕಿದರು. ಮಂಗಳವಾರ, ಶುಕ್ರವಾರ ಮೂರು ಗಂಟೆಗೆ ಇಬ್ಬರು ಬರುವುದು, ನಾನು ಐದರವರೆಗೆ ಮಲಗುವುದು. ರಾತ್ರಿ ಹತ್ತರ ಸರದಿಗೆ ಪಕ್ಕದ ಮನೆಯ ಅಕ್ಕ. ಅಕ್ಕ ಹರಿಕಂತ್ರರವರು, ಮೀನು ಮಾರುತ್ತಾರೆ, ನಮ್ಮ ಚರ್ಚಿನವರಲ್ಲ. ಅವರನ್ನು ಯಾರೂ ಕರೆಯಲಿಲ್ಲ. ಟೀಚರ್ ಬಾಯಿ ಬಂದುಹೋಗುವುದನ್ನು ನೋಡಿ "ಅವರು ಹಿಡೀಬಹುದು, ನಾ ಹಿಡಿದ್ರೆ ಆಗೂದಿಲ್ವಾ?" ಅಂತ ಸಿಟ್ಟು ಮಾಡಿಕೊಂಡೇ ಬಂದರು.

ಇಬ್ಬಿಬ್ಬರಾಗಿ ಬರುವುದು ಯಾಕೆ ಅಂತ ಒಮ್ಮೆ ಕೇಳಿದ್ದೆ. ಯೇಸು ಶಿಷ್ಯರನ್ನು ಊರೂರಿಗೆ ಕಳಿಸುವಾಗ ಇಬ್ಬಿಬ್ಬರಾಗಿ ಕಳಿಸಿದ ಅಂತ ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಒಜಾನಂ ಅನ್ನುವ 20 ವರ್ಷದ ಕಾಲೇಜು ಹುಡುಗ ಗೆಳೆಯರ ಜೊತೆ ಸೇರಿ ಸಂತ ವಿನ್ಸೆಂಟ್ ದೆ ಪೌಲ್ ಸಂಘ ಶುರು ಮಾಡಿದ. ಬಡವರ ಮನೆಗೆ ಹೋಗುವಾಗ ಇಬ್ಬರು ಸೇರಿ ಹೋಗುವ ಪದ್ಧತಿಯನ್ನು ಆ ಸಂಘದವರು ಇವತ್ತಿಗೂ ಬಿಟ್ಟಿಲ್ಲ. ಟೀಚರ್ ಬಾಯಿಗೆ ಮಾತ್ರ ಇಷ್ಟೆಲ್ಲ ಬೇಕಾಗಿರಲಿಲ್ಲ. "ಒಬ್ಬರೇ ಬಂದ್ರೆ ಮಾತಾಡ್ತಾ ಕೂತುಬಿಡ್ತೇವೆ, ಇಬ್ಬರಿದ್ರೆ ಕೆಲಸ ಆಗ್ತದೆ" ಅಂದರು.

ದೂರದ ಒಬ್ಬ ನೆಂಟರು ಆಗಾಗ ಫೋನ್ ಮಾಡುತ್ತಿದ್ದರು. ಪ್ರತಿ ಸಲ ಒಂದೇ ಮಾತು: "ಹೊರಲು ಆಗದಷ್ಟು ಭಾರವನ್ನು ದೇವರು ಯಾರಿಗೂ ಕೊಡುವುದಿಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಫೋನ್ ಇಟ್ಟ ಮೇಲೆ ನನಗೆ ಇನ್ನೂ ಸುಸ್ತಾಗುತ್ತಿತ್ತು. ದೇವರು ಅಳತೆ ಮಾಡಿಯೇ ಕೊಟ್ಟಿದ್ದರೆ, ನನಗೆ ಆಗುತ್ತಿಲ್ಲ ಅನ್ನುವುದು ನನ್ನದೇ ತಪ್ಪು ಅಂತ ಆಯಿತಲ್ಲ. ಕೊನೆಗೆ ಬೈಬಲ್ ತೆಗೆದು ಹುಡುಕಿದೆ. ಆ ಮಾತು ಆ ರೂಪದಲ್ಲಿ ಅಲ್ಲಿಲ್ಲ. ಹತ್ತಿರದ್ದು ಇರುವುದು ಕೊರಿಂಥದವರಿಗೆ ಪೌಲ ಬರೆದ ಮೊದಲನೇ ಪತ್ರದ 10ನೇ ಅಧ್ಯಾಯದಲ್ಲಿ, ಅದು ಶೋಧನೆಯ ಬಗ್ಗೆ, ಅಂದ್ರೆ ತಪ್ಪು ದಾರಿಗೆ ಎಳೆಯುವ ಸೆಳೆತದ ಬಗ್ಗೆ. ಕಷ್ಟದ ಬಗ್ಗೆ ಅದೇ ಪೌಲ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲೇ ಬೇರೆ ಮಾತು ಬರೆದಿದ್ದಾನೆ. ನಮ್ಮ ಶಕ್ತಿಗೆ ಮೀರಿದ ಭಾರ ನಮ್ಮ ಮೇಲೆ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅಂತ. ಪೌಲ! ಹೊಡೆತ, ಸೆರೆಮನೆ, ಹಡಗು ಒಡೆದು ಮುಳುಗಿದ್ದು, ಎಲ್ಲ ಕಂಡವನು. ಆಗಲಿಲ್ಲ ಅಂತ ಅವನೇ ಬರೆದಿದ್ದಾನೆ, ಹಾಗೆ ಬರೆದು ಕೆಲವೇ ಸಾಲಿಗೆ ನಿಮ್ಮ ಪ್ರಾರ್ಥನೆಯಿಂದ ನಮಗೆ ಸಹಾಯ ಮಾಡಿ ಅಂತ ಕೇಳಿದ್ದಾನೆ.

ಅದೇ ಪತ್ರದ 7ನೇ ಅಧ್ಯಾಯದಲ್ಲಿ ಇನ್ನೊಂದು ಸಾಲು ಸಿಕ್ಕಿತು. ಮಕೆದೋನಿಯಕ್ಕೆ ಬಂದಾಗ ನಮಗೆ ಸ್ವಲ್ಪವೂ ವಿಶ್ರಾಂತಿ ಇರಲಿಲ್ಲ, ಹೊರಗೆ ಜಗಳ, ಒಳಗೆ ಭಯ ಅಂತ ಹೇಳಿ, ಕುಗ್ಗಿದವರನ್ನು ಸಂತೈಸುವ ದೇವರು ನಮ್ಮನ್ನು ಸಂತೈಸಿದ ಅನ್ನುತ್ತಾನೆ ಪೌಲ. ಹೇಗೆ ಸಂತೈಸಿದ? ದರ್ಶನ ಇಲ್ಲ, ದೇವದೂತ ಇಲ್ಲ. ತೀತ ಬಂದ. ಅಷ್ಟೇ. ಒಬ್ಬ ಗೆಳೆಯ ನಡೆದು ಬಂದ, ಅದೇ ದೇವರ ಸಾಂತ್ವನ. ಈ ಸಾಲು ಓದಿ ಆ ದಿನ ಪುಸ್ತಕ ಮಡಚಿಟ್ಟೆ. ಎಂಟು ತಿಂಗಳು ನಾನು ದೇವರನ್ನು ಕೇಳಿದ್ದು ಇದನ್ನೇ ಅಲ್ವಾ, ಸಮಾಧಾನ ಕೊಡು ಅಂತ? ಕೇಳುತ್ತಿದ್ದೆ, ಆದರೆ ತೀತ ಬಂದು ಬಾಗಿಲಲ್ಲಿ ನಿಂತು "ಮಾಂಯ್ ಹೇಗಿದ್ದಾರೆ" ಅಂದರೆ ಪರವಾಗಿಲ್ಲ ಅಂತ ಹೇಳಿ ಕಳಿಸುತ್ತಿದ್ದೆ.

2024ರ ಜುಲೈ. ಆ ಮಳೆಗಾಲ ನಮ್ಮ ಜಿಲ್ಲೆಯವರು ಯಾರೂ ಮರೆಯುವುದಿಲ್ಲ. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಆ ತಿಂಗಳ 16ಕ್ಕೆ. ಅದಾಗಿ ಕೆಲವು ದಿನಕ್ಕೆ ಒಂದು ರಾತ್ರಿ ಮಾಂಯ್‌ಗೆ ಜ್ವರ ಏರಿ ಉಸಿರಾಟ ಗೊರಗೊರ ಅನ್ನತೊಡಗಿತು. 108ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್ ಬಂತು, ಆದರೆ ಓಣಿಯ ಬಾಯಲ್ಲೇ ನಿಂತಿತು. ಓಣಿಯಲ್ಲಿ ಮೊಣಕಾಲು ನೀರು. ಸ್ಟ್ರೆಚರಿನ ಗಾಲಿ ನೀರಲ್ಲಿ ಓಡಲಿಲ್ಲ, ನಮ್ಮ ಮನೆಯ ಮುಂದಿನ ತಿರುವಿನಲ್ಲಿ ಅದು ಹೊರಳುವುದೂ ಇಲ್ಲ. ಆಂಬುಲೆನ್ಸಿನ ಹುಡುಗ ಒಳಗೆ ಬಂದು ನೋಡಿ, "ಚಾದರ ಗಟ್ಟಿ ಉಂಟಾ?" ಅಂತ ಕೇಳಿದ.

ನಾಲ್ಕು ಜನ ನಾಲ್ಕು ಮೂಲೆ ಹಿಡಿದರು. ಆಂಬುಲೆನ್ಸಿನ ಹುಡುಗ, ಮೀನು ಮಾರುವ ಅಕ್ಕನ ಗಂಡ, ಟೀಚರ್ ಬಾಯಿಯ ಅಳಿಯ, ನನ್ನ ಮಗ. ಮಗನಿಗೆ ಹದಿನಾರು ಆಗಿತ್ತು, ಕೈ ನಡುಗುತ್ತಿತ್ತು, ಅಕ್ಕನ ಗಂಡ "ಮೂಲೆ ಒಂದು ಸುತ್ತು ಕೈಗೆ ಸುತ್ಕೊ ಮಾರಾಯಾ, ಬಲೆ ಹಿಡಿದ ಹಾಗೆ" ಅಂತ ಹೇಳಿಕೊಟ್ಟರು. ಅಕ್ಕ ಟಾರ್ಚ್ ಹಿಡಿದು ಮುಂದೆ ಹೋದರು, ಗಟಾರ ಎಲ್ಲಿದೆ ಅಂತ ಕಾಲಲ್ಲಿ ತಡವುತ್ತ. ನಾನು ಮಾಂಯ್ ಮುಖದ ಮೇಲೆ ಕೊಡೆ ಹಿಡಿದಿದ್ದೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಸ್ಪತ್ರೆ ಫೈಲು. ಚಾದರದ ಒಂದು ಮೂಲೆಯೂ ನನ್ನ ಕೈಯಲ್ಲಿರಲಿಲ್ಲ. ಎಲ್ಲ ನಾನೇ ಮಾಡಬೇಕು ಅಂತ ಹಟ ಹಿಡಿದವಳು, ಆವತ್ತು ಪಕ್ಕದಲ್ಲಿ ನಡೆದೆ ಅಷ್ಟೇ.

ಸುವಾರ್ತೆಯಲ್ಲಿ ಬರುವ ಕಫೆರ್ನೌಮ್ ಊರಿನ ಆ ಮನೆಯ ಕಥೆ ಚರ್ಚಿನಲ್ಲಿ ಎಷ್ಟು ಸಲ ಕೇಳಿಲ್ಲ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ, ಬಾಗಿಲಲ್ಲಿ ಜಾಗ ಇಲ್ಲ, ಮಾಡು, ಅಂದ್ರೆ ಮನೆಯ ಚಾವಣಿ, ಹತ್ತಿ, ಮಾಡು ತೆಗೆದು, ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಸುತ್ತಾರೆ. ಮಾರ್ಕ ಬರೆಯುವಾಗ ಮಾಡನ್ನು ಅಗೆದರು ಅನ್ನುತ್ತಾನೆ, ಮಣ್ಣಿನ ಮಾಡು ಇದ್ದಿರಬೇಕು. ಲೂಕ ಹಂಚು ಅನ್ನುತ್ತಾನೆ. ನಮ್ಮ ಕಡೆಯವರಿಗೆ ಲೂಕನ ಮಾತು ಚೆನ್ನಾಗಿ ಗೊತ್ತಾಗುತ್ತದೆ. ಹಂಚು ತೆಗೆಯುವುದು ಅಂದ್ರೆ ಮನೆಯೆಲ್ಲ ಧೂಳು, ಜೇಡರ ಬಲೆ, ಕೆಳಗಿರುವವರ ತಲೆಯ ಮೇಲೆ ಕಸ. ಅಂಥದ್ದರ ನಡುವೆ ಅವನನ್ನು ಇಳಿಸಿದರು.

ಆಸ್ಪತ್ರೆಯ ವರಾಂಡದಲ್ಲಿ ಒದ್ದೆ ಸೀರೆಯಲ್ಲಿ ಕೂತು ನಾನು ಆ ರೋಗಿಯ ಬಗ್ಗೆ ಯೋಚನೆ ಮಾಡಿದೆ. ಇಡೀ ಕಥೆಯಲ್ಲಿ ಅವನು ಒಂದು ಮಾತೂ ಆಡುವುದಿಲ್ಲ. ಯೇಸು ನೋಡಿದ್ದು "ಅವರ" ನಂಬಿಕೆಯನ್ನು ಅಂತ ಬರೆದಿದೆ, ಹೊತ್ತವರದ್ದೂ ಸೇರಿ. ಆದರೆ ಅವನೂ ಒಂದು ಕೆಲಸ ಮಾಡಿದ್ದಾನೆ. ಬೇಡ ಅನ್ನಲಿಲ್ಲ. ಊರೆಲ್ಲ ನೆರೆದಲ್ಲಿ, ಧೂಳಿನ ನಡುವೆ, ತನ್ನ ಕೈಲಾಗದ ಮೈಯನ್ನು ಎಲ್ಲರ ಕಣ್ಣೆದುರು ಇಳಿಸಲು ಬಿಟ್ಟ. ಹೊರುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಹೊತ್ತುಕೊಂಡು ಹೋಗಲು ಬಿಡುವುದು ಅದಕ್ಕಿಂತ ಕಷ್ಟ, ನನ್ನ ಮಟ್ಟಿಗಂತೂ ಹೌದು. ಮನೆಯ ವಾಸನೆ, ತೊಳೆಯದ ಪಾತ್ರೆ, ರೇಗುವ ನನ್ನ ದನಿ, ಇದನ್ನೆಲ್ಲ ಇನ್ನೊಬ್ಬರು ನೋಡಲಿ ಅಂತ ಬಿಡಬೇಕಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿ ಮಾಡುತ್ತೇವೆ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುತ್ತ ಒಂದೊಂದು ಸ್ಥಳದಲ್ಲಿ ನಿಂತು ಪ್ರಾರ್ಥನೆ. 14 ಸ್ಥಳ. ಐದನೆಯದರಲ್ಲಿ ಸಿರೇನಿನ ಸಿಮೋನ ಬರುತ್ತಾನೆ, ಇವತ್ತಿನ ಲಿಬಿಯಾದ ಕಡೆಯ ಊರಿನವನು. ಹೊಲದಿಂದ ಬರುತ್ತಿದ್ದವನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸಿದರು. ಅವನು ತಾನಾಗಿ ಬಂದವನಲ್ಲ. ಅಲ್ಲಿ ಸುಮ್ನೆ ಮೊಣಕಾಲೂರಿ ಎದ್ದು ಮುಂದಿನ ಸ್ಥಳಕ್ಕೆ ಹೋಗುತ್ತಿದ್ದೆ ಇಷ್ಟು ವರ್ಷ. ಈಗ ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯೇಸು ಆ ಕೈಯನ್ನು ದೂಡಲಿಲ್ಲ.

ಮಾಂಯ್ ಆ ಸಲ ಹುಷಾರಾಗಿ ಮನೆಗೆ ಬಂದರು. ಡಿಸೆಂಬರಿನಲ್ಲಿ ವಾಡೊದ ಹೆಂಗಸರು ಒಂದು ಟೆಂಪೊ ಮಾಡಿಕೊಂಡು ಹಳೇ ಗೋವಾಕ್ಕೆ ಹೊರಟರು. ಹತ್ತು ವರ್ಷಕ್ಕೊಮ್ಮೆ ಸಂತ ಫ್ರಾನ್ಸಿಸ್ ಝೇವಿಯರರ ದೇಹವನ್ನು ಭಕ್ತರ ದರ್ಶನಕ್ಕೆ ಇಡುತ್ತಾರೆ, ಈ ಸಲದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇತ್ತು. ನಾನು ಬರುವುದಿಲ್ಲ ಅಂದೆ. ಇಬ್ಬರು ಹೆಂಗಸರು ತಾವು ಹೋಗುವುದನ್ನು ಬಿಟ್ಟು ಮಾಂಯ್ ಹತ್ತಿರ ಉಳಿದರು. "ನಾವು ಹತ್ತು ವರ್ಷದ ಹಿಂದೆ ನೋಡಿ ಬಂದಿದ್ದೇವೆ, ನೀ ಹೋಗು" ಅಂದರು. ಹೋದೆ.

ದಾರಿಯಲ್ಲಿ ಚಹಾಕ್ಕೆ ಇಳಿದಲ್ಲಿ ರಸ್ತೆ ಬದಿಗೆ ಚಿರೆಕಲ್ಲಿನ ಒಂದು ಕಟ್ಟೆ ಇತ್ತು. ಕೂರುವ ಕಟ್ಟೆಯಲ್ಲ, ಅದಕ್ಕಿಂತ ತುಂಬ ಎತ್ತರ, ಹೆಚ್ಚುಕಮ್ಮಿ ಭುಜದ ಮಟ್ಟ. ಟೀಚರ್ ಬಾಯಿ ಹೇಳಿದರು, ಇದು ದೊವರ್ಣೆಂ. ಕೊಂಕಣಿಯಲ್ಲಿ ದವರ್ಚೆಂ ಅಂದ್ರೆ ಇಡುವುದು. ಬಸ್ಸು ಲಾರಿ ಇಲ್ಲದ ಕಾಲದಲ್ಲಿ ತಲೆಹೊರೆ ಹೊತ್ತು ಮೈಲಿಗಟ್ಟಲೆ ನಡೆಯುವವರು ಅದರ ಮೇಲೆ ಹೊರೆ ಇಟ್ಟು ಸುಧಾರಿಸಿಕೊಳ್ಳುತ್ತಿದ್ದರು. ತೀರಿಹೋದ ಮನೆಯವರ ನೆನಪಿಗೆ ಅಂತ ಕೆಲವು ಕುಟುಂಬದವರು ಇವನ್ನು ಕಟ್ಟಿಸುತ್ತಿದ್ದರಂತೆ. ಅಷ್ಟು ಎತ್ತರ ಯಾಕೆ ಅಂದ್ರೆ, ಹೊತ್ತವರು ಬಗ್ಗದೆ ಇಳಿಸಬಹುದು, ಮತ್ತೆ ಯಾರ ಸಹಾಯವಿಲ್ಲದೆ ತಲೆಗೆ ಏರಿಸಿಕೊಳ್ಳಬಹುದು.

ಇದರ ಕಷ್ಟ ನನಗೆ ಅಕ್ಕನನ್ನು ನೋಡಿ ಗೊತ್ತು. ಮೀನಿನ ಬುಟ್ಟಿ ತಲೆಯ ಮೇಲೆ ಕೂತಿತು ಅಂದ್ರೆ ಅಕ್ಕ ಕೋಡಿಬಾಗದಿಂದ ಪೇಟೆಯವರೆಗೆ ಸಲೀಸಾಗಿ ನಡೆಯುತ್ತಾರೆ. ಆದರೆ ನೆಲದಿಂದ ತಲೆಗೆ ಏರಿಸುವುದು ಒಬ್ಬರ ಕೈಯಲ್ಲಿ ಆಗುವುದಿಲ್ಲ. "ಸ್ವಲ್ಪ ಕೈ ಕೊಡಿ" ಅಂತ ದಾರಿಯಲ್ಲಿ ಹೋಗುವವರನ್ನು ಕರೆಯುತ್ತಾರೆ, ಗುರುತು ಇರಲಿ ಇಲ್ಲದಿರಲಿ. ಕರೆಯಲು ಅವರಿಗೆ ನಾಚಿಕೆ ಇಲ್ಲ. ಕರೆಸಿಕೊಂಡವರಿಗೂ ಅದು ಉಪಕಾರ ಅಂತ ಅನಿಸುವುದಿಲ್ಲ.

ಗಲಾತ್ಯರಿಗೆ ಬರೆದ ಪತ್ರದ 6ನೇ ಅಧ್ಯಾಯ ನನ್ನನ್ನು ಬಹಳ ದಿನ ಕಾಡಿತ್ತು. ಎರಡನೇ ವಾಕ್ಯದಲ್ಲಿ ಪೌಲ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕು ಅನ್ನುತ್ತಾನೆ. ಐದನೆಯದರಲ್ಲಿ ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು ಅನ್ನುತ್ತಾನೆ. ಮೂರು ವಾಕ್ಯದ ಅಂತರದಲ್ಲಿ ಎರಡು ಮಾತಾ? ಗ್ರೀಕಿನಲ್ಲಿ ಅವು ಎರಡು ಬೇರೆ ಶಬ್ದ ಅಂತ ಆಮೇಲೆ ತಿಳಿಯಿತು. ಮೊದಲನೆಯದು ಬಾರೊಸ್, ಅಂದ್ರೆ ಅದುಮುವ ಭಾರ. ಎರಡನೆಯದು ಫೋರ್ತಿಯೋನ್, ಹೊತ್ತು ನಡೆಯುವ ಹೊರೆ. ಯೇಸು ನನ್ನ ಹೊರೆ ಹಗುರ ಅಂದಾಗಲೂ ಈ ಎರಡನೇ ಶಬ್ದವೇ ಇದೆ. ಓದಿದ್ದು ತಲೆಗೆ ಹೋಗಿತ್ತು, ಅರ್ಥವಾದದ್ದು ಆ ಚಿರೆಕಲ್ಲಿನ ಮುಂದೆ. ಅಕ್ಕನ ಬುಟ್ಟಿ ಅಕ್ಕನದೇ, ಅದನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಆದರೆ ಎತ್ತಿ ಕೊಡುವ ಕೈ ಇಲ್ಲದಿದ್ದರೆ ಬುಟ್ಟಿ ನೆಲದಲ್ಲೇ ಕೊಳೆಯುತ್ತದೆ. ಮಾಂಯ್ ನನ್ನ ಹೊರೆಯೇ ಆಗಿದ್ದರು, ನಾನು ಅವರ ಸೊಸೆ. ವಾಡೊದವರು ಅವರನ್ನು ನನ್ನಿಂದ ತೆಗೆದುಕೊಳ್ಳಲಿಲ್ಲ, ಎತ್ತಿ ಕೊಟ್ಟರು.

ಹಳೇ ಗೋವಾದಲ್ಲಿ ಸಾಲು ಉದ್ದ ಇತ್ತು. ನಿಂತಲ್ಲಿ ಟೀಚರ್ ಬಾಯಿ ಝೇವಿಯರರ ಬಗ್ಗೆ ಒಂದು ವಿಷಯ ಹೇಳಿದರು, ನಾನು ಕೇಳಿರಲಿಲ್ಲ. ಅವರು ಗೋವಾಕ್ಕೆ ಬಂದಿಳಿದದ್ದು 1542ರಲ್ಲಿ. ಅಲ್ಲಿಂದ ಮುಂದಿನ ಹತ್ತು ವರ್ಷ ಹೆಚ್ಚಾಗಿ ಪ್ರಯಾಣ, ತಮ್ಮ ಹಳೇ ಸಂಗಾತಿಗಳಿಂದ ಸಾವಿರಾರು ಮೈಲಿ ದೂರ. ಒಂದು ಪತ್ರ ಬಂದು ಮುಟ್ಟಲು ವರ್ಷಗಟ್ಟಲೆ. 1546ರಲ್ಲಿ ಈಗಿನ ಇಂಡೋನೇಷ್ಯಾದ ಅಂಬೋನ್ ದ್ವೀಪದಿಂದ ಅವರು ಯುರೋಪಿನ ಸಂಗಾತಿಗಳಿಗೆ ಬರೆದರು: ನಿಮ್ಮ ಪತ್ರಗಳಲ್ಲಿ ನೀವೇ ಕೈಯಾರೆ ಬರೆದ ನಿಮ್ಮ ಹೆಸರುಗಳನ್ನು ಕತ್ತರಿಸಿ ತೆಗೆದು, ಯಾವಾಗಲೂ ನನ್ನ ಮೈಮೇಲೆ ಇಟ್ಟುಕೊಂಡು ತಿರುಗುತ್ತಿದ್ದೇನೆ ಅಂತ. 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡಾಗ ಆ ಸಂಗಾತಿಗಳು ಯಾರೂ ಹತ್ತಿರ ಇರಲಿಲ್ಲ.

ಅಷ್ಟು ದೊಡ್ಡ ಸಂತ, ಅಷ್ಟು ಪ್ರಾರ್ಥನೆ ಮಾಡುವವರು. ಅವರಿಗೂ ದೇವರ ಜೊತೆಗೆ ಗೆಳೆಯರ ಹೆಸರು ಬರೆದ ಕಾಗದದ ಚೂರು ಬೇಕಾಗಿತ್ತು. ಪೆಟ್ಟಿಗೆಯ ಮುಂದೆ ನಿಲ್ಲಲು ಸಿಕ್ಕಿದ್ದು ಕೆಲವೇ ಸೆಕೆಂಡು. ಅಲ್ಲಿ ನಾನು ಏನೂ ಕೇಳಲಿಲ್ಲ. ಮನೆಯಲ್ಲಿ ಉಳಿದ ಆ ಇಬ್ಬರ ಹೆಸರು ಹೇಳಿದೆ.

ಎಲ್ಲ ಚೆನ್ನಾಗೇ ನಡೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಾನು ನಂಬಿ ಹೇಳಿಕೊಂಡ ಒಂದು ಮಾತು ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹೋಗಿ, ಕೊನೆಗೆ ಕುವೈತಿನಲ್ಲಿದ್ದ ನನ್ನ ಗಂಡನ ಕಿವಿಗೆ ಬಿತ್ತು, ಬಣ್ಣ ಸೇರಿಸಿ. ಮಾಂಯ್ ಮೇಲೆ ನಾನು ಕೈ ಎತ್ತಿದೆ ಅನ್ನುವ ಹಾಗೆ. ನಾನು ಹೇಳಿದ್ದು ಒಂದು ರಾತ್ರಿ ರೇಗಿ ಲೋಟ ನೆಲಕ್ಕೆ ಎಸೆದೆ ಅಂತ. ಎರಡು ವಾರ ಯಾರ ಜೊತೆಗೂ ಮಾತಾಡಲಿಲ್ಲ. ಮತ್ತೆ ಬಾಗಿಲು ಹಾಕಿಕೊಳ್ಳೋಣ ಅನಿಸಿತು.

ಆಗ ಗೆತ್ಸೆಮನೆ ನೆನಪಾಯಿತು, ಯೇಸುವನ್ನು ಸೆರೆಹಿಡಿದ ರಾತ್ರಿ ಅವನು ಪ್ರಾರ್ಥನೆ ಮಾಡಿದ ತೋಟ. ಆ ರಾತ್ರಿ ಯೇಸು ಜೊತೆಗಿದ್ದ ಶಿಷ್ಯರೆಲ್ಲರಿಗೂ ಎಲ್ಲವನ್ನೂ ಹೇಳಲಿಲ್ಲ. ಪೇತ್ರ, ಯಕೋಬ, ಯೊವಾನ್ನ, ಈ ಮೂವರನ್ನು ಮಾತ್ರ ಮುಂದೆ ಕರೆದುಕೊಂಡು ಹೋಗಿ, ಸಾಯುವಷ್ಟು ದುಃಖವಾಗಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಅಂತ ಕೇಳಿಕೊಂಡ. ಕೇಳಿಕೊಂಡ ಅನ್ನುವುದೇ ದೊಡ್ಡದು. ಅವರು ನಿದ್ದೆ ಮಾಡಿದರು. ಮೂರು ಸಲ ಬಂದು ನೋಡಿದರೂ ನಿದ್ದೆ. ಆಮೇಲೆ ಅವನು ಹೇಳಿದ ಮಾತು, "ಏಳಿ, ಹೋಗೋಣ." ನೀವು ಇಲ್ಲೇ ಬಿದ್ದಿರಿ, ನಾನು ಹೋಗುತ್ತೇನೆ ಅನ್ನಲಿಲ್ಲ. ಹೋಗೋಣ ಅಂದ. ಆ ಒಂದು ಶಬ್ದಕ್ಕೆ ನಾನು ಮತ್ತೆ ಬಾಗಿಲು ತೆಗೆದೆ. ಆದರೆ ಮೂವರಿಗೆ ಹೇಳುವುದು ಬೇರೆ, ಎಲ್ಲರಿಗೂ ಹೇಳುವುದು ಬೇರೆ ಅನ್ನುವುದನ್ನೂ ಅಲ್ಲಿಂದಲೇ ಕಲಿತೆ.

ಹಾಗೇ ಹೋಗಿ ಕೂರುವವರಿಗೂ ಒಂದು ಮಾತು ಹೇಳಬೇಕು. ಬೈಬಲ್‌ನಲ್ಲಿ ಎಲ್ಲವನ್ನೂ ಕಳಕೊಂಡು ನರಳಿದ ಯೋಬನ ಗೆಳೆಯರನ್ನು ಎಲ್ಲರೂ ಬೈಯುತ್ತಾರೆ. ಅವರು ಮೊದಲು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು, ಒಂದು ಮಾತೂ ಆಡದೆ. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಗೆಳೆಯರಿಲ್ಲ. ಬಾಯಿ ತೆಗೆದು ಯೋಬನಿಗೆ ಯಾಕೆ ಹೀಗಾಯಿತು ಅಂತ ವಿವರಿಸಲು ಹೋದಾಗ ಕೆಟ್ಟಿತು. ರೋಗಿಯ ಮಂಚದ ಹತ್ತಿರ ದಯವಿಟ್ಟು ವಿವರಣೆ ಕೊಡಬೇಡಿ. ಬಕೆಟ್ ಎಲ್ಲಿದೆ ಅಂತ ಕೇಳಿ.

ಅಕ್ಕನ ಮಾವ ರಂಪಣಿ ಬಲೆ ಎಳೆದವರು. ಹಗ್ಗದ ಒಂದು ತುದಿ ದಡದಲ್ಲಿ ಬಿಟ್ಟು, ದೋಣಿಯಲ್ಲಿ ಬಲೆಯನ್ನು ಕಡಲೊಳಗೆ ಅರ್ಧ ಸುತ್ತು ಬಿಟ್ಟುಕೊಂಡು ಬಂದು, ಎರಡೂ ತುದಿಯನ್ನು ದಡದಿಂದ ಎಳೆಯುವುದು. ದೊಡ್ಡ ಬಲೆಗೆ 70-80 ಜನ ಬೇಕು. 1970ರ ದಶಕದ ನಡುವಿನಿಂದ ಪರ್ಸಿನ್ ಬೋಟುಗಳು, ಅಂದ್ರೆ ಕಡಲಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಯಂತ್ರದ ದೋಣಿಗಳು, ಬಂದವು, ರಂಪಣಿ ಕಮ್ಮಿಯಾಯಿತು. ಈಗಲೂ ಟಾಗೋರ್ ಕಡಲತೀರದಲ್ಲಿ ಒಮ್ಮೊಮ್ಮೆ ಸಣ್ಣ ಬಲೆ ಎಳೆಯುವುದು ಕಾಣುತ್ತದೆ. ತಾರ್ಲೆ, ಬಂಗಡೆ ತುಂಬಿ ಬಂದ ದಿನ ಹಗ್ಗ ಮುಟ್ಟಿದವರಿಗೆಲ್ಲ ಪಾಲು ಇತ್ತು ಅಂತ ಅಜ್ಜ ಹೇಳುತ್ತಾರೆ. ಅವರಿಗೆ ನಾನು ಲೂಕನ 5ನೇ ಅಧ್ಯಾಯ ಓದಿ ಹೇಳಿದೆ. ಬಲೆ ಹರಿಯುವಷ್ಟು ಮೀನು ಬಂದಾಗ ಪೇತ್ರನೂ ಅವನ ಜೊತೆಯವರೂ ಇನ್ನೊಂದು ದೋಣಿಯಲ್ಲಿದ್ದ ಪಾಲುದಾರರಿಗೆ ಬಂದು ಸಹಾಯ ಮಾಡಿ ಅಂತ ಕೈಸನ್ನೆ ಮಾಡಿದರು ಅನ್ನುವ ಭಾಗ. ಅಜ್ಜನಿಗೆ ಆಶ್ಚರ್ಯವಾಗಲಿಲ್ಲ. "ಮತ್ತೆ? ಕೈ ಮಾಡದೇ ಇದ್ರೆ ಬಲೆನೂ ಹೋಯ್ತು, ಮೀನೂ ಹೋಯ್ತು" ಅಂದರು. ನನಗೆ ಆ ರಾತ್ರಿ ನೆನಪಾಯಿತು, 2024ರ ಆಗಸ್ಟ್ 7, ಕಾಳಿ ಹೊಳೆಯ ಹಳೇ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದದ್ದು, ಅದರ ಚಾಲಕನನ್ನು ಪೊಲೀಸರೂ ಇಲ್ಲಿನ ಮೀನುಗಾರರೂ ಸೇರಿ ದಡಕ್ಕೆ ತಂದದ್ದು. ನೀರಿಗೆ ಬಿದ್ದವರು ಕೈ ಎತ್ತಿದರೆ ಅದನ್ನು ಯಾರೂ ನಾಚಿಕೆ ಅನ್ನುವುದಿಲ್ಲ.

ಮಾಂಯ್ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಎರಡು ವರ್ಷ ಮಲಗಿದ್ದರು, ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ. ಸ್ನಾನ ಮಾಡಿಸಿದ ಹೆಂಗಸರು ಅದನ್ನು ನನ್ನ ಗಂಡನಿಗೆ ಹೇಳಿದರು, ಅವನು ಆವತ್ತೇ ಬಂದಿಳಿದಿದ್ದ. ಅವನು ಎಲ್ಲರ ಎದುರು ಅತ್ತ. ಆ ಬೆನ್ನು ನನ್ನೊಬ್ಬಳ ಕೆಲಸ ಅಲ್ಲ ಅಂತ ಅವನಿಗೆ ಹೇಳಿದೆ, ಒಬ್ಬೊಬ್ಬರ ಹೆಸರೂ ಹೇಳಿದೆ.

ಚಾದರವನ್ನು ತೊಳೆದು ಕಪಾಟಿನಲ್ಲಿ ಇಟ್ಟಿದ್ದೆ. ಒಂದು ಮೂಲೆ ಹರಿದಿತ್ತು, ಹೊಲಿದೆ. ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿಸಿ ಬರುವಾಗ ನಮ್ಮ ವಾಡೊಗೆ ಹೊಸದಾಗಿ ಬಂದ ಒಬ್ಬ ಹೆಂಗಸು ಅಂಗಳದಲ್ಲಿ ಸಿಕ್ಕಳು. ಅವಳ ಗಂಡ ಬೈಕಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಮಲಗಿದ್ದಾನೆ. ಹೇಗಿದ್ದಾನೆ ಅಂತ ಕೇಳಿದೆ. ಅವಳು ನಿಲ್ಲದೆ ಹೇಳಿದಳು, "ಪರವಾಗಿಲ್ಲಕ್ಕ, ದೇವರ ದಯೆ."

ಆ ದನಿ ನನಗೆ ಗೊತ್ತಿತ್ತು.

ಮಂಗಳವಾರ ಮೂರು ಗಂಟೆಗೆ ನಾನು, ಟೀಚರ್ ಬಾಯಿ ಹೋದೆವು. ಅವಳು ಬಾಗಿಲನ್ನು ಅರ್ಧ ಮಾತ್ರ ತೆಗೆದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಒಳಗಿನಿಂದ ವಾಸನೆ ಬಂತು. "ಮನೆ ಗಲೀಜಾಗಿದೆ ಅಕ್ಕ, ಇನ್ನೊಂದು ದಿನ..." ಅಂದಳು.

"ಚಾದರ ತಂದಿದ್ದೇವೆ" ಅಂದೆ. "ಬಾ, ಆ ಕಡೆ ನೀನು ಹಿಡಿ."